ಹಸು ಎಳೆದ ಗಂಟೆ



ಹಿಂದಿನ ಸಂಚಿಕೆಯಲ್ಲಿ ಅಡಿಗೆಮನೆಯ ಕ್ಯಾಲೆಂಡರಿನ ಬಗ್ಗೆ ನಾಲ್ಕು ಮಾತು ಬರೆದಿದ್ದೆ, ನೆನಪಿದೆಯಲ್ಲ? ದಿನಸಿ ಅಂಗಡಿಯವರು ಕೊಡುವ ಕ್ಯಾಲೆಂಡರಿನಲ್ಲಿ ಲಕ್ಷ್ಮಿ, ಸರಸ್ವತಿಯರು ನಮ್ಮ ಹಾಗೆಯೇ ನೆರಿಗೆ ಹಿಡಿದು ಸೀರೆ ಉಟ್ಟಿರುತ್ತಾರಲ್ಲ, ಅದು ಹೇಗೆ ಎಂದು ಕೇಳಿದ್ದೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ ದೇವರ ಪಟಗಳನ್ನು ಮನೆಮನೆಗೆ ತಲುಪಿಸಿದ್ದನ್ನೂ ಹೇಳಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ಚಿಂತಾಮಣಿ ಕಡೆಯ ಸೋದರಿಯೊಬ್ಬರದು ಮನಸ್ಸಿನಲ್ಲಿ ನಿಂತಿತು. “ಪಟ ನೋಡಿದರೆ ಕೈ ಮುಗಿಯುವುದು ಗೊತ್ತು. ಗುಡಿಯ ಛಾವಣಿ ಮೇಲೆ ಬರೆದ ಚಿತ್ರಗಳನ್ನು ನೋಡಿದರೆ ಮಾತ್ರ ಏನು ನೋಡಬೇಕೋ ತಿಳಿಯದು. ಕುತ್ತಿಗೆ ನೋವಷ್ಟೇ ಬರುತ್ತದೆ. ನಿಮಗೆ ಗೊತ್ತಿದ್ದರೆ ಬರೆಯಿರಿ” ಎಂದು ಕೇಳಿದ್ದಾರೆ.

ನನಗೆ ಗೊತ್ತಿರುವುದು ಅಷ್ಟಕ್ಕಷ್ಟೇ. ನಾನು ಎಸ್.ಎಸ್.ಎಲ್.ಸಿ. ಓದಿದವಳು. ಬಾಗಿಲ ಮುಂದೆ ರಂಗೋಲಿ ಹಾಕುವುದು ಬಿಟ್ಟರೆ ಚಿತ್ರಕಲೆಗೂ ನನಗೂ ಸಂಬಂಧವಿಲ್ಲ. ಆದರೆ ಕಳೆದ ಕಾರ್ತಿಕದಲ್ಲಿ ಒಂದು ಛಾವಣಿ ನೋಡಿ ಬಂದೆ. ಆ ಮೇಲೆ ನಮ್ಮ ಮನೆಯಲ್ಲಿ ಏನೇನೋ ಆಯಿತು. ಅದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ನಮ್ಮ ಯಜಮಾನರೇ “ಬರಿ, ಯಾರಿಗಾದರೂ ಉಪಯೋಗವಾದೀತು” ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಆಮೆ ಗುಡ್ಡದ ಗುಡಿ

ನಮ್ಮದು ಪೀಣ್ಯದ ಪಕ್ಕದ ದಾಸರಹಳ್ಳಿ. ತುಮಕೂರು ರಸ್ತೆಯಲ್ಲಿ ಮೇಲೆ ಮೆಟ್ರೋ, ಕೆಳಗೆ ಲಾರಿ, ಅಡ್ಡರಸ್ತೆಗೆ ಇಳಿದರೆ ಲೇತ್ ಮೆಷಿನ್ನುಗಳ ಕಿರ್ರೋ ಸದ್ದು. ಬೆಳಿಗ್ಗೆ ಯಜಮಾನರಿಗೆ ಡಬ್ಬಿ ಕಟ್ಟಿ, ಹುಡುಗರನ್ನು ಕಳಿಸಿದ ಮೇಲೆ ನಮ್ಮ ಬೀದಿಯ ಹೆಂಗಸರಿಗೆ ಹೊರಗಿನ ಲೋಕ ಎಂದರೆ ಸಂಘದ ಮೀಟಿಂಗು, ಹಾಲಿನ ಬೂತು ಇಷ್ಟೇ. ವರ್ಷಕ್ಕೊಮ್ಮೆ ಸಂಘದಿಂದ ಒಂದು ಪ್ರವಾಸ ಹೋಗುತ್ತೇವೆ. ಈ ಸಲ ಲೇಪಾಕ್ಷಿ ಎಂದು ತೀರ್ಮಾನವಾಯಿತು. 14 ಜನ, ಒಂದು ಟೆಂಪೋ ಟ್ರಾವೆಲರ್, ಎರಡು ದೊಡ್ಡ ಡಬರಿ ಪುಳಿಯೋಗರೆ, ಮೊಸರನ್ನ.

ಲೇಪಾಕ್ಷಿ ಈಗ ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಬೆಂಗಳೂರಿಂದ ಸುಮಾರು 120 ಕಿಲೋಮೀಟರ್, ಹಿಂದೂಪುರದಿಂದ 15. ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ, ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರ ಎಡಕ್ಕೆ ತಿರುಗಬೇಕು. ರಾಜ್ಯ ಬೇರೆಯಾದರೂ ಗುಡಿಯ ಶಾಸನಗಳು ಕನ್ನಡದವು. ನಮ್ಮ ಗುಂಪಿನ ಅಜ್ಜಿಯೊಬ್ಬರು ಕಲ್ಲಿನ ಮೇಲಿನ ಅಕ್ಷರಕ್ಕೆ ಬೆರಳು ತೋರಿಸಿ “ಇದು ನಮ್ದೇ ಕಣ್ರೇ” ಎಂದು ಹಿಗ್ಗಿದರು.

ಗುಡಿ ಇರುವ ಗುಡ್ಡ ಆಮೆಯ ಬೆನ್ನಿನ ಹಾಗೆ ಇರುವುದರಿಂದ ಅದಕ್ಕೆ ಕೂರ್ಮಶೈಲ ಎಂದು ಹೆಸರು. ವಿಜಯನಗರದ ಅಚ್ಯುತದೇವರಾಯ 1529ರಿಂದ 1542ರವರೆಗೆ ಆಳಿದ. ಆ ಕಾಲದಲ್ಲಿ ಪೆನುಗೊಂಡೆಯ ಅಧಿಕಾರಿಗಳಾಗಿದ್ದ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಈ ವೀರಭದ್ರನ ಗುಡಿ ಕಟ್ಟಿಸಿದರು. ಅಂದರೆ ಸುಮಾರು 480 ವರ್ಷದ ಮಾತು. 2022ರಲ್ಲಿ ಇದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ.

ನೆಲಕ್ಕೆ ಪೂರ್ತಿ ತಾಗದೆ ನಿಂತ ಕಂಬ, ಒಂದೇ ಬಂಡೆಯ 27 ಅಡಿ ಉದ್ದದ ಬಸವ ಇವನ್ನೆಲ್ಲ ಎಲ್ಲರೂ ಬರೆದಿದ್ದಾರೆ. ನಾನು ಒಂದೇ ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ಏಳು ಹೆಡೆಯ ದೊಡ್ಡ ನಾಗಲಿಂಗವೊಂದಿದೆ. ಶಿಲ್ಪಿಗಳು ಊಟಕ್ಕೆ ಬಂದರಂತೆ, ತಾಯಿ ಇನ್ನೂ ಅಡಿಗೆ ಮಾಡುತ್ತಿದ್ದಳಂತೆ. ಸುಮ್ಮನೆ ಕೂರುವುದೇಕೆ ಎಂದು ಅನ್ನ ಬೇಯುವಷ್ಟರಲ್ಲಿ ಆ ನಾಗನನ್ನು ಕಡೆದರಂತೆ! ಗೈಡ್ ಇದನ್ನು ಹೇಳಿದ್ದೇ ತಡ, ನಮ್ಮ ಹೆಂಗಸರು ನಕ್ಕಿದ್ದೇ ನಕ್ಕಿದ್ದು. “ಅಡಿಗೆ ಹತ್ತು ನಿಮಿಷ ತಡವಾದ್ರೆ ನಮ್ಮನೆಯವ್ರು ಟಿ.ವಿ. ರಿಮೋಟ್ ಬಿಟ್ಟು ಏನೂ ಕಡೆಯೋದಿಲ್ವಲ್ಲಮ್ಮ” ಎಂದರು ಮಹಡಿಮನೆಯ ಅಕ್ಕ.

ಕೈಲಾಸದ ಮದುವೆಮನೆ

ಚಿತ್ರಗಳಿರುವುದು ನಾಟ್ಯಮಂಟಪದ ಛಾವಣಿಯಲ್ಲಿ, ಒಳಗಿನ ಅರ್ಧಮಂಟಪದ ಛಾವಣಿಯಲ್ಲಿ. ಕಲ್ಲಿನ ಮೇಲೆ ಸುಣ್ಣದ ಗಾರೆ ಬಳಿದು, ನಯ ಮಾಡಿ, ಅದರ ಮೇಲೆ ಬಣ್ಣ ಹಾಕಿದ್ದಾರೆ. ಕೆಮ್ಮಣ್ಣಿನ ಕೆಂಪು, ಹಳದಿ, ಹಸಿರು, ಬಿಳಿ, ಕಪ್ಪು. ನೀಲಿ ಬಣ್ಣ ಕಣ್ಣಿಗೆ ಬೀಳುವುದೇ ಇಲ್ಲ. ಪ್ರತಿ ಆಕೃತಿಗೂ ಸುತ್ತ ಕಪ್ಪು ಗೆರೆ. ನಾವು ರಂಗೋಲಿಗೆ ಮೊದಲು ಗೆರೆ ಎಳೆದು ಆಮೇಲೆ ಬಣ್ಣ ತುಂಬುತ್ತೇವಲ್ಲ, ಹಾಗೆ. ಮುಖಗಳು ಹೆಚ್ಚಾಗಿ ಪಕ್ಕಕ್ಕೆ ತಿರುಗಿವೆ, ಕಣ್ಣು ಮಾತ್ರ ದೊಡ್ಡದಾಗಿ ತೆರೆದಿವೆ.

ಕುತ್ತಿಗೆ ನೋವಿಗೆ ಉಪಾಯ ಹೇಳಿದವರು ನಮ್ಮ ಜೊತೆ ಬಂದಿದ್ದ ಟೀಚರಮ್ಮ. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತರಾದವರು. ವ್ಯಾನಿಟಿ ಬ್ಯಾಗಿನಿಂದ ಕೈಗನ್ನಡಿ ತೆಗೆದು, ಹೊಟ್ಟೆಯ ಹತ್ತಿರ ಮೇಲ್ಮುಖವಾಗಿ ಹಿಡಿದು ಅದರೊಳಗೆ ಛಾವಣಿ ನೋಡಿ ಎಂದರು. ನೋಡುತ್ತೇವೆ, ಛಾವಣಿಯೇ ಅಂಗೈಗೆ ಬಂದು ಕೂತಿದೆ! ಕನ್ನಡಿಯಲ್ಲಿ ಎಡ ಬಲವಾಗುತ್ತದೆ, ಅಷ್ಟು ನೆನಪಿದ್ದರೆ ಸಾಕು.

ಮೊದಲು ಕಂಡದ್ದು ಪಾರ್ವತಿಯ ಮದುವೆ. ಹೆಸರಿಗೆ ಅದು ದೇವರ ಮದುವೆ. ನೋಡಿದರೆ ನಮ್ಮ ನೆಂಟರ ಮನೆಯ ಮದುವೆಯೇ. ವಧುವನ್ನು ಸಿಂಗರಿಸುವವರು, ಕೈಕಟ್ಟಿ ನಿಂತವರು, ಸಾಲಾಗಿ ಬಂದ ಹೆಂಗಸರು. ಪಟ್ಟೆಪಟ್ಟೆ ಸೀರೆ, ಚೌಕುಳಿ ಸೀರೆ, ಹೂಬಳ್ಳಿಯ ಸೀರೆ, ಒಂದರ ಹಾಗೆ ಇನ್ನೊಂದಿಲ್ಲ. ಪಕ್ಕಕ್ಕೆ ಹಾಕಿದ ದಪ್ಪ ತುರುಬುಗಳು. ನಮ್ಮವರು ಶಿವಪಾರ್ವತಿಯರನ್ನು ಮರೆತು ಅಂಚು ಎಣಿಸತೊಡಗಿದರು. “ಇದು ಇಳಕಲ್ ಥರ ಇಲ್ವಾ?” “ಊಹೂಂ, ಈ ಚೌಕುಳಿ ನಮ್ಮತ್ತೆ ಹತ್ರ ಇತ್ತು.” ಅರ್ಧಕ್ಕೇ ನಿಂತುಹೋದ ಕಲ್ಯಾಣಮಂಟಪದ ಹತ್ತಿರ ಲತಾಮಂಟಪ ಎಂದಿದೆ. ಅದರ ಕಂಬಗಳ ಬಳ್ಳಿ, ಹೂವು, ಹಂಸದ ವಿನ್ಯಾಸಗಳನ್ನು ಇವತ್ತಿಗೂ ನೇಕಾರರು ಸೀರೆಯ ಅಂಚಿಗೆ ತರುತ್ತಾರೆ.

ಟೀಚರಮ್ಮ ಸೀರೆಯ ಮಾತಿಗೆ ಬೇಸರ ಮಾಡಲಿಲ್ಲ. “ನೀವು ಸರಿಯಾಗೇ ನೋಡ್ತಿದೀರಿ” ಎಂದರು. ಚಿತ್ರ ಬರೆದವನು ಕೈಲಾಸ ಕಂಡವನಲ್ಲ. ಅವನು ಕಂಡದ್ದು ಪೆನುಗೊಂಡೆ ಸೀಮೆಯ ಮದುವೆಮನೆಗಳನ್ನು. ಆದ್ದರಿಂದ ಕಥೆ ಪುರಾಣದ್ದು, ಸೀರೆ ಊರಿನದು. ಗುಡಿ ಕಟ್ಟಿಸಿದ ವಿರೂಪಣ್ಣ ವೀರಣ್ಣರೂ ಛಾವಣಿಯಲ್ಲಿದ್ದಾರೆ. ಉದ್ದನೆಯ ಮೊನಚು ಟೋಪಿ ಹಾಕಿಕೊಂಡು, ಬಳಗ ಕಟ್ಟಿಕೊಂಡು, ದೇವರ ಪಕ್ಕದಲ್ಲೇ. ನಾವು ಮದುವೆಯಲ್ಲಿ ವಧೂವರರ ಜೊತೆ ಫೋಟೋ ತೆಗೆಸಿಕೊಳ್ಳುವುದಿಲ್ಲವೇ, ಹಾಗೆ.

ಆಮೇಲೆ ಟೀಚರಮ್ಮ ಹೇಳಿದ ಮಾತೇ ಚಿಂತಾಮಣಿಯ ಸೋದರಿಗೆ ನಾನು ಕೊಡುವ ಉತ್ತರ. ಅವರು ಅಂದರು: “ಚಿತ್ರದಲ್ಲಿ ಎರಡು ಥರ ಇರುತ್ತೆ. ದಿನಾ ನಡೆಯೋದು ಒಂದು, ಯಾವತ್ತೂ ನಡೆಯದ್ದು ಇನ್ನೊಂದು. ದಿನಾ ನಡೆಯೋದನ್ನ ನೋಡಿ ಆ ಕಾಲದ ಜನ ಹೇಗಿದ್ರು ಅಂತ ತಿಳ್ಕೊಳ್ಳಿ. ಯಾವತ್ತೂ ನಡೆಯದ್ದು ಎಲ್ಲಿ ಬರುತ್ತೋ ಅಲ್ಲಿ ಸ್ವಲ್ಪ ನಿಲ್ಲಿ. ಅವರ ಮನಸ್ಸಿನಲ್ಲಿ ಏನು ಕೊರೀತಿತ್ತು ಅನ್ನೋದು ಅಲ್ಲಿರುತ್ತೆ.”

ಹಾಗೆ ನೋಡುತ್ತಾ ಹೋದರೆ ಛಾವಣಿ ತಾನಾಗಿ ಮಾತಾಡುತ್ತದೆ. ಕಾಡಿನ ಹಂದಿ, ಬೇಡರು, ಬಿಲ್ಲು ಎಲ್ಲಾ ದಿನದ ಬೇಟೆಯೇ. ಆದರೆ ಆ ಬೇಡ ಶಿವ, ಎದುರು ನಿಂತವನು ಅರ್ಜುನ. ಎದುರು ನಿಂತ ಬೇಡ ಯಾರೆಂದು ಮೇಲುನೋಟಕ್ಕೆ ಹೇಳಬರುವುದಿಲ್ಲ ಎನ್ನುವ ಎಚ್ಚರಿಕೆ ಅದು. ಶಿವಪಾರ್ವತಿಯರು ಪಗಡೆ ಆಡುವುದು ಊಟವಾದ ಮೇಲಿನ ನಮ್ಮ ಮನೆಯ ಆಟವೇ. ಆದರೆ ಅಲ್ಲಿ ಆಡುವವರು ಜಗತ್ತಿನ ತಾಯಿ ತಂದೆ. ದೇವರಿಗೂ ಬಿಡುವಿನ ವೇಳೆ ಇದೆ, ಹೆಂಡತಿಯ ಎದುರು ಸೋಲುವುದೂ ಇದೆ ಎಂದು ಜನ ನಂಬಲು ಬಯಸಿದ್ದರು. ಆಲದೆಲೆಯ ಮೇಲೆ ಮಲಗಿದ ಕೃಷ್ಣನ ಚಿತ್ರದ ಕೆಳಗೆ ಅತ್ತಿತ್ತ ಓಡಾಡಿದರೆ ಅವನ ಕಣ್ಣು ನಮ್ಮನ್ನೇ ಹಿಂಬಾಲಿಸಿದ ಹಾಗೆ ಕಾಣುತ್ತದೆ. ನಾವು ಮಕ್ಕಳ ಹಾಗೆ ಆ ಕಡೆ ಈ ಕಡೆ ಓಡಾಡಿ ನೋಡಿದೆವು.

ಇಷ್ಟರವರೆಗೆ ನನಗೆ ಖುಷಿಯೋ ಖುಷಿ. ಆಮೇಲೆ ಹಸುವಿನ ಚಿತ್ರ ಬಂತು.

ಬಾಯಿಲ್ಲದ ಹಸು

ಅದು ಮನುನೀತಿ ಚೋಳನ ಕಥೆ. ತಮಿಳುನಾಡಿನ ತಿರುವಾರೂರಿನದು. ಅಲ್ಲಿ ಈ ಕಥೆಯ ನೆನಪಿಗೆ ಕಲ್ಲಿನ ರಥವೇ ಇದೆ. ದೊರೆ ಅರಮನೆ ಬಾಗಿಲಿಗೆ ಒಂದು ಗಂಟೆ ಕಟ್ಟಿಸಿದ್ದ. ಅನ್ಯಾಯವಾದವರು ಯಾರೇ ಆದರೂ ಬಂದು ಹಗ್ಗ ಎಳೆಯಬಹುದು. ಒಂದು ದಿನ ಗಂಟೆ ಬಾರಿಸಿತು. ಬಂದು ನೋಡಿದರೆ ಹಗ್ಗ ಹಿಡಿದು ನಿಂತದ್ದು ಒಂದು ಹಸು. ರಾಜಕುಮಾರ ರಥ ಓಡಿಸಿಕೊಂಡು ಹೋಗುವಾಗ ಅದರ ಕರು ಚಕ್ರಕ್ಕೆ ಸಿಕ್ಕಿ ಸತ್ತಿತ್ತು. ದೊರೆ ವಿಚಾರಿಸಿದ. ಹಸುವಿಗೆ ಆದ ದುಃಖ ತನಗೂ ಆಗಲಿ ಎಂದು ತನ್ನ ಮಗನನ್ನೇ ರಥದ ಚಕ್ರದ ಕೆಳಗೆ ಮಲಗಿಸಿದ. ಆಗ ಶಿವ ಪ್ರತ್ಯಕ್ಷನಾಗಿ ಕರುವನ್ನೂ ಮಗನನ್ನೂ ಬದುಕಿಸಿದ.

ನಮಗೆಲ್ಲ ಪುಣ್ಯಕೋಟಿಯ ಗೋವಿನ ಹಾಡು ಗೊತ್ತು. ಅಲ್ಲೂ ಹಸು, ಅಲ್ಲೂ ಕರು. ಆದರೆ ಪುಣ್ಯಕೋಟಿ ಕೊಟ್ಟ ಮಾತು ಉಳಿಸಿಕೊಳ್ಳಲು ಹುಲಿಯ ಹತ್ತಿರ ತಾನೇ ಹೋಗುತ್ತಾಳೆ. ಈ ಹಸು ಹಾಗಲ್ಲ, ನ್ಯಾಯ ಕೇಳಲು ದೊರೆಯ ಬಾಗಿಲಿಗೆ ಹೋಗುತ್ತದೆ.

ಛಾವಣಿಯಲ್ಲಿ ಈ ಕಥೆ ಒಂದೇ ಪಟ್ಟಿಯಲ್ಲಿ ಸಾಲಾಗಿ ಸಾಗುತ್ತದೆ. ಸೀರೆಯ ಅಂಚಿನಲ್ಲಿ ಹೂವಿನ ಪಕ್ಕ ಹೂವು ಬರುವ ಹಾಗೆ, ಒಂದು ಘಟನೆಯ ಪಕ್ಕದಲ್ಲೇ ಇನ್ನೊಂದು. ಬಣ್ಣ ಅಲ್ಲಲ್ಲಿ ಉದುರಿದೆ. ಆದರೂ ಕಥೆ ಗೊತ್ತಿದ್ದವರಿಗೆ ಗುರುತು ಸಿಗುತ್ತದೆ.

“ಇಲ್ಲಿ ಯಾವತ್ತೂ ನಡೆಯದ್ದು ಯಾವುದು?” ಎಂದು ಟೀಚರಮ್ಮ ಕೇಳಿದರು. ಸತ್ತ ಕರು ಬದುಕುವುದು ಎಂದರು ಕೆಲವರು. ಅದಕ್ಕೂ ಮೊದಲು ಹಸು ಗಂಟೆ ಎಳೆಯುವುದು ಎಂದೆ ನಾನು. “ಯಾಕೆ ಹಸುವಿನ ಕೈಲಿ ಎಳೆಸಿದ್ರು ಹೇಳಿ” ಎಂದರು. ನನ್ನ ಬಾಯಿಂದ ತಾನಾಗಿ ಬಂತು: “ಅದಕ್ಕೆ ಬಾಯಿಲ್ವಲ್ಲ, ಅದಕ್ಕೆ.”

ಅಷ್ಟು ಹೇಳಿದವಳು ಕೈಗನ್ನಡಿ ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಹೊರಗೆ ಬಂದು ಬಿಸಿಲಲ್ಲಿ ನಿಂತೆ. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ನಿಮಗೆ ಹೇಳುತ್ತೇನೆ.

ಬದಲಾದ ಹಾಲಿನ ಬೂತು

ಪ್ರವಾಸಕ್ಕೆ ಎರಡು ತಿಂಗಳ ಹಿಂದೆ, ಒಂದು ಸಂಜೆ, ನಮ್ಮ ದೊಡ್ಡ ಮಗ ಬೈಕಿನಲ್ಲಿ ಬರುತ್ತಿದ್ದ. ಡಿಪ್ಲೊಮಾ ಕೊನೆಯ ವರ್ಷದ ಹುಡುಗ. ಕೆಲಸ ಬಿಡುವ ಹೊತ್ತಿಗೆ ನಮ್ಮ ಕಡೆ ರಸ್ತೆ ತುಂಬ ಹೆಂಗಸರು, ಕೈಯಲ್ಲಿ ಊಟದ ಡಬ್ಬಿ ಹಿಡಿದು ಬೇಗ ಬೇಗ ಮನೆ ಕಡೆ ಹೆಜ್ಜೆ ಹಾಕುವವರು. ತಿರುವಿನಲ್ಲಿ ಒಬ್ಬಾಕೆಗೆ ಬೈಕು ತಾಗಿತು. ಆಕೆ ಕೈ ಊರಿ ಬಿದ್ದಳು. ಜನ ಸೇರಿದರು. ಇವನು ಹೆದರಿ ಜೇಬಿನಲ್ಲಿದ್ದ 500 ರೂಪಾಯಿ ಆಕೆಯ ಕೈಗಿಟ್ಟು ಮನೆಗೆ ಬಂದ.

ಬಂದವನು ಅಡಿಗೆಮನೆಯಲ್ಲಿ ನಿಂತು ನನಗೆ ಎಲ್ಲ ಹೇಳಿದ. ಅವನ ಮೊಣಕೈ ತರಚಿತ್ತು. ನಾನೇನು ಮಾಡಿದೆ ಗೊತ್ತೇ? ಮೊಣಕೈಗೆ ಅರಿಶಿನ ಹಚ್ಚಿದೆ. ಬಿಸಿ ದೋಸೆ ಹಾಕಿಕೊಟ್ಟೆ. “ಅಪ್ಪನಿಗೆ ಹೇಳಬೇಡ, ಬಿ.ಪಿ. ಜಾಸ್ತಿಯಾಗುತ್ತೆ” ಎಂದೆ. ಆಕೆಗೆ ಎಷ್ಟು ಪೆಟ್ಟಾಯಿತು ಎಂದು ಕೇಳಲೇ ಇಲ್ಲ. ಮಗನಿಗೆ ಏನೂ ಆಗಲಿಲ್ಲವಲ್ಲ, ದೇವರು ದೊಡ್ಡವನು ಎಂದುಕೊಂಡೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ವಾರ ಕಳೆದ ಮೇಲೆ ಹಾಲಿನ ಬೂತಿನ ಹತ್ತಿರ ಒಬ್ಬಾಕೆ ಬಲಗೈಗೆ ಮುಂಗೈಯಿಂದ ಮೊಣಕೈವರೆಗೆ ಬಿಳಿಯ ಪಟ್ಟು ಹಾಕಿಸಿಕೊಂಡು, ಎಡಗೈಯಲ್ಲಿ ಚಿಲ್ಲರೆ ಎಣಿಸುತ್ತಿದ್ದಳು. ಬೂತಿನವನು ಏನಾಯ್ತಮ್ಮ ಎಂದ. “ಯಾರೋ ಹುಡ್ಗ, ಬೈಕು. ಹೊಲಿಗೆ ಕೆಲ್ಸ ನಂದು, ಪೀಸ್ ಲೆಕ್ಕ. ಹೊಲಿದ್ರೆ ಉಂಟು, ಇಲ್ದಿದ್ರೆ ಇಲ್ಲ” ಎಂದಳು. ದಿನ, ಜಾಗ ಎಲ್ಲ ತಾಳೆಯಾಯಿತು. ನಾನು ಅವಳ ಹಿಂದೆಯೇ ಸಾಲಿನಲ್ಲಿ ನಿಂತಿದ್ದೆ. ಮರುದಿನದಿಂದ ನಾನು ಬೂತು ಬದಲಾಯಿಸಿದೆ. ಒಂದು ಬೀದಿ ಸುತ್ತಿ ಬೇರೆ ಕಡೆ ಹಾಲು ತರತೊಡಗಿದೆ. ಮನೆಯಲ್ಲಿ ಕೇಳಿದರೆ “ಆ ಹಾಲು ಒಡೀತಿತ್ತು” ಎಂದು ಸುಳ್ಳು ಹೇಳಿದೆ.

ಎರಡು ತಿಂಗಳು ಹೀಗೇ ಕಳೆಯಿತು. ಲೇಪಾಕ್ಷಿಯ ಛಾವಣಿಯಲ್ಲಿ ಹಸುವನ್ನು ಕಂಡ ಕೂಡಲೇ ನನಗೆ ಕಂಡದ್ದು ಆ ಬಿಳಿಯ ಪಟ್ಟು. ಗೈಡ್ ಹೇಳಿದ ಕಥೆಯಲ್ಲಿ ದೊರೆ ಇದ್ದ, ಮಗ ಇದ್ದ, ಶಿವನಿದ್ದ. ರಾಣಿಯ ಮಾತೇ ಬರಲಿಲ್ಲ. ಅವಳು ಆಗ ಏನು ಮಾಡುತ್ತಿದ್ದಳು? ನನಗನಿಸಿತು, ಅವಳು ಒಳಗೆ ಮಗನ ಮೊಣಕೈಗೆ ಅರಿಶಿನ ಹಚ್ಚುತ್ತಿದ್ದಳು. ಗಂಟೆಯ ಸದ್ದು ಕೇಳದ ಹಾಗೆ ಬಾಗಿಲು ಹಾಕಿಕೊಂಡಿದ್ದಳು.

ಅದೇ ಗುಡಿಯಲ್ಲಿ ಇನ್ನೊಂದು ಕಥೆ ಇದೆ. ವಿರೂಪಣ್ಣ ದೊರೆಯನ್ನು ಕೇಳದೆ ಬೊಕ್ಕಸದ ಹಣ ಗುಡಿಗೆ ಸುರಿದನಂತೆ. ದೊರೆ ಕಣ್ಣು ಕೀಳಿಸಿರಿ ಎಂದನಂತೆ. ವಿರೂಪಣ್ಣ ತಾನೇ ತನ್ನ ಕಣ್ಣು ಕಿತ್ತು ಗೋಡೆಗೆ ಎಸೆದನಂತೆ. ಕಲ್ಯಾಣಮಂಟಪದ ಬಳಿ ಗೋಡೆಯ ಮೇಲಿನ ಎರಡು ಕೆಂಪು ಕಲೆಗಳನ್ನು ಇವತ್ತಿಗೂ ತೋರಿಸುತ್ತಾರೆ. ಕಲೆ ಯಾವುದರದ್ದೋ ದೇವರಿಗೇ ಗೊತ್ತು. ಲೆಕ್ಕ ಕೊಡಬೇಕಾದವನ ಕಥೆ ಅದು ಎಂದಷ್ಟೇ ನನಗೆ ಅರ್ಥವಾಯಿತು. ಅವನು ಕಣ್ಣು ಕಿತ್ತುಕೊಂಡ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ನನ್ನದು ಸುಲಭದ ದಾರಿ, ತೆರೆಯಬಹುದಿತ್ತು.

ಶಿವ ಬರುವುದಿಲ್ಲ

ಅಂದು ರಾತ್ರಿ ಊಟವಾದ ಮೇಲೆ ಯಜಮಾನರಿಗೆ ಹೇಳಿದೆ. ಅವರು ಮೊದಲು ನನ್ನ ಮೇಲೆ ರೇಗಿದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, “ಈಗ ಹೋಗಿ ಹೇಳಿದ್ರೆ ಕೇಸಾಗುತ್ತೆ. ಹುಡುಗನಿಗೆ ಇನ್ನು ಆರು ತಿಂಗಳಲ್ಲಿ ಕೆಲಸ ಹುಡುಕಬೇಕು. ಯೋಚನೆ ಮಾಡು” ಎಂದರು. ತಪ್ಪು ಮಾತಲ್ಲ ಅದು. ತಾಯಿಯಾದವಳಿಗೆ ಮಗನನ್ನು ಚಕ್ರದ ಕೆಳಗೆ ಮಲಗಿಸು ಎಂದ ಹಾಗೇ ಕೇಳಿಸುತ್ತದೆ. ಮೂರು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೇ ದಿನ ಮಗನೇ “ಹೋಗೋಣಮ್ಮ. ನಂಗೂ ಆ ತಿರುವು ಬಂದಾಗಲೆಲ್ಲ ಕೈ ನಡುಗುತ್ತೆ” ಎಂದ. ಆ ಮಾತು ನನ್ನನ್ನು ಬದುಕಿಸಿತು.

ಬೂತಿನವನನ್ನು ಕೇಳಿ ಆಕೆಯ ಮನೆ ಹುಡುಕಿದೆವು. ವಠಾರದ ಕೊನೆಯ ಮನೆ. ಆಕೆ, ಆಕೆಯ ತಾಯಿ, ಏಳನೇ ಕ್ಲಾಸಿನ ಮಗಳು. ಮಗ ಬಾಗಿಲಲ್ಲೇ ನಿಂತು “ಆವತ್ತು ಬೈಕಲ್ಲಿ ಗುದ್ದಿದ್ದು ನಾನೇ ಅಕ್ಕ” ಎಂದ. ಆಕೆ ಬಯ್ಯಲಿಲ್ಲ, ಅಳಲೂ ಇಲ್ಲ. ಅವನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, “ನೀವು ಬೂತಿನ ಹತ್ರ ಬರ್ತಿದ್ರಲ್ಲ” ಎಂದಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

“ಕೈ ಮುರಿದಾಗ ಬರ್ಬೇಕಿತ್ತು. ಈಗ ಕೈ ಕೂಡೈತೆ, ಕೆಲ್ಸ ಹೋಗೈತೆ” ಎಂದಳು. ಪಟ್ಟು ಬಿಚ್ಚಿದ್ದರೂ ಮಣಿಕಟ್ಟು ಪೂರ್ತಿ ಬಗ್ಗುತ್ತಿರಲಿಲ್ಲ. ಮೆಷಿನ್ನಿನ ಮೇಲೆ ಬಟ್ಟೆ ತಿರುಗಿಸಲು ಆಗುತ್ತಿರಲಿಲ್ಲ. ಔಷಧಿಗೆ ಎಷ್ಟು, ಸಾಲ ಎಷ್ಟು, ಹೋದ ಕೂಲಿ ಎಷ್ಟು ಎಂದು ಒಂದೊಂದಾಗಿ ಹೇಳಿದಳು. ಹೆಚ್ಚು ಹೇಳಲಿಲ್ಲ. ಸಂಸಾರ ಮಾಡುವ ಹೆಂಗಸಿಗೆ ಲೆಕ್ಕ ಗೊತ್ತಿರುತ್ತದೆ.

ರೇಷ್ಮೆ ಸೀರೆಗೆಂದು ನಾನು ಎರಡು ವರ್ಷ ಕಟ್ಟಿದ್ದ ಚೀಟಿ ಹಣ ಇತ್ತು. ಅದನ್ನು ಎತ್ತಿ ಕೊಟ್ಟೆ. ಆಕೆ ಎರಡು ಸಲ ಎಣಿಸಿ ಇಟ್ಟುಕೊಂಡಳು. ಕಾಫಿ ಕೊಡಲಿಲ್ಲ, ಕೊಡಬೇಕೆಂದೂ ಇಲ್ಲ. ಉಳಿದದ್ದನ್ನು ತಿಂಗಳು ತಿಂಗಳು ಮಗ ಪಾರ್ಟ್‌ಟೈಮ್ ದುಡಿದು ಕೊಡುತ್ತಿದ್ದಾನೆ. ತಾನೇ ಕೊಂಡುಹೋಗಿ ಕೊಡಬೇಕು ಎಂದು ಅವನ ಅಪ್ಪ ಕಟ್ಟುನಿಟ್ಟು ಮಾಡಿದ್ದಾರೆ.

ಪರಿಚಯದ ವಕೀಲರೊಬ್ಬರನ್ನು ಕೇಳಿದೆವು. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ, ಗಾಡಿ ಓಡಿಸಿದವನು ಗಾಯಗೊಂಡವರಿಗೆ ಚಿಕಿತ್ಸೆ ಸಿಗುವ ಹಾಗೆ ನೋಡಬೇಕು, ಪೊಲೀಸರಿಗೆ ತಿಳಿಸಬೇಕು. ಗಾಡಿಗೆ ಕಡ್ಡಾಯವಾಗಿ ಮಾಡಿಸುವ ಥರ್ಡ್ ಪಾರ್ಟಿ ವಿಮೆ ಇರುವುದೇ ಪೆಟ್ಟು ತಿಂದವರಿಗಾಗಿ. ಅದು ಸಿಗಬೇಕಾದರೆ ಘಟನೆ ದಾಖಲಾಗಬೇಕು. ನಾವು ಮುಚ್ಚಿಟ್ಟದ್ದರಿಂದ ಆಕೆಗೆ ಆ ದಾರಿಯೂ ಮುಚ್ಚಿತ್ತು ಎಂದು ಆಗ ತಿಳಿಯಿತು. ಕಾಯ್ದೆ ಗೊತ್ತಿರಲಿಲ್ಲ ಎನ್ನಬಹುದು. ಆದರೆ ಬಿದ್ದವರನ್ನು ಎತ್ತಬೇಕೆಂದು ತಿಳಿಯಲು ಕಾಯ್ದೆ ಬೇಕೇ? ಆಕೆಯನ್ನು ಕೇಳಿ, ಆಕೆ ಒಪ್ಪಿದ ಮೇಲೆ ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆವು. ತಡ ಮಾಡಿದ್ದಕ್ಕೆ ಬೈಸಿಕೊಂಡೆವು. ಅದು ಇನ್ನೂ ನಡೆಯುತ್ತಿದೆ, ಹೆಚ್ಚು ಬರೆಯುವುದು ಸರಿಯಲ್ಲ.

ಛಾವಣಿಯ ಕಥೆಯ ಕೊನೆಯಲ್ಲಿ ಶಿವ ಬಂದು ಎಲ್ಲ ಮೊದಲಿನಂತೆ ಮಾಡುತ್ತಾನೆ. ನಮ್ಮ ಬೀದಿಗೆ ಶಿವ ಬರಲಿಲ್ಲ. ಆಕೆಯ ಮಣಿಕಟ್ಟು ಮೊದಲಿನಂತಾಗಿಲ್ಲ. ಬಟ್ಟೆಗೆ ಗುಂಡಿ ಕಟ್ಟುವ ಕೆಲಸ ಮಾಡುತ್ತಿದ್ದಾಳೆ, ಕೂಲಿ ಮೊದಲಿನಷ್ಟಿಲ್ಲ. ಟೀಚರಮ್ಮನ ಮಾತು ನೆನೆಸಿಕೊಂಡೆ. ಯಾವತ್ತೂ ನಡೆಯದ್ದು ಅಲ್ಲಿದ್ದರೆ, ಅದು ನಡೆಯಬೇಕಿತ್ತು ಎಂದು ಜನ ಹಂಬಲಿಸಿದ್ದರು ಎಂದರ್ಥ. ಸತ್ತ ಕರು ಏಳುವುದು ಅವರ ಹಂಬಲ. ಗಂಟೆಯ ಸದ್ದಿಗೆ ಬಾಗಿಲು ತೆರೆಯುವುದು ಮಾತ್ರ ನಮ್ಮ ಕೈಯಲ್ಲಿದೆ. ಅದಕ್ಕೆ ದೇವರು ಬೇಕಿಲ್ಲ.

ಈಗ ನಾನು ಹಳೆಯ ಬೂತಿನಲ್ಲೇ ಹಾಲು ತರುತ್ತೇನೆ. ಕೆಲವು ದಿನ ಆಕೆ ಸಿಗುತ್ತಾಳೆ. ಕೆಲವು ದಿನ ಮಾತಾಡುತ್ತಾಳೆ, ಕೆಲವು ದಿನ ಇಲ್ಲ. ಮೊನ್ನೆ ಮಾತ್ರ “ನಿಮ್ ಹುಡ್ಗ ಈ ತಿಂಗ್ಳು ಎರಡು ದಿನ ತಡ ಮಾಡ್ದ” ಎಂದಳು. ಹೇಳ್ತೀನಮ್ಮ ಎಂದೆ. ಮನೆಗೆ ಬಂದು ಹೇಳಿದೆ.

ನೀವೂ ಹೋಗುವುದಾದರೆ

ಲೇಪಾಕ್ಷಿಗೆ ಹೋಗುವವರು ಬೆಳಿಗ್ಗೆ ಬೇಗ ಹೊರಡಿ. ಕೈಗನ್ನಡಿ ಮರೆಯಬೇಡಿ. ಮಕ್ಕಳಿಗೂ ಒಂದೊಂದು ಕೊಡಿ. ಫ್ಲ್ಯಾಷ್ ಹಾಕಿ ಫೋಟೋ ತೆಗೆಯಬೇಡಿ, ಹಳೆಯ ಬಣ್ಣಕ್ಕೆ ಒಳ್ಳೆಯದಲ್ಲ. ಗೋಡೆ ಕಂಬಗಳಿಗೆ ಕುಂಕುಮ, ಎಣ್ಣೆ ಕೈ ತಾಗಿಸಬೇಡಿ. ನೆಲದ ಬಂಡೆಯಲ್ಲಿ ಸೀತೆಯದೆಂದು ತೋರಿಸುವ ದೊಡ್ಡ ಹೆಜ್ಜೆಗುರುತು ಇದೆ, ಮಕ್ಕಳಿಗೆ ಇಷ್ಟವಾಗುತ್ತದೆ.

ಅಷ್ಟು ದೂರ ಆಗದಿದ್ದರೆ ನಮ್ಮ ತುಮಕೂರು ರಸ್ತೆಯಲ್ಲೇ ಮುಂದೆ ಹೋಗಿ. ತುಮಕೂರು ದಾಟಿ ಶಿರಾ ಕಡೆಗೆ ಹೋಗುವಾಗ ಸೀಬಿ ನರಸಿಂಹಸ್ವಾಮಿ ಗುಡಿ ಸಿಗುತ್ತದೆ. ಅದರ ಛಾವಣಿಯ ಚಿತ್ರಗಳು ಸುಮಾರು 200 ವರ್ಷದವು. ದೇವರ ಕಥೆಗಳ ಜೊತೆಗೆ ಹೈದರಾಲಿಯ ದರ್ಬಾರು, ಮೈಸೂರು ಅರಸರ ದರ್ಬಾರು ಕೂಡ ಅಲ್ಲಿವೆ. ದಿನದ ಬದುಕು ಯಾವುದು, ಕಲ್ಪನೆ ಯಾವುದು ಎಂದು ನೀವೇ ಬೇರ್ಪಡಿಸಿ ನೋಡಿ.

ಅಡಿಗೆಯ ಮಾತಿಲ್ಲದೆ ಮುಗಿಸಿದರೆ ನೀವು ಬೇಜಾರು ಮಾಡಿಕೊಳ್ಳುತ್ತೀರಿ. ಪ್ರಯಾಣದ ಮೊಸರನ್ನಕ್ಕೆ ಅನ್ನವನ್ನು ಮೆತ್ತಗೆ ಮಾಡಿ, ಬಿಸಿಯಿರುವಾಗಲೇ ಮಸೆದು, ಆರಿದ ಮೇಲೆ ಕಾಯಿಸಿ ಆರಿಸಿದ ಹಾಲು ಹಾಕಿ. ಮೊಸರು ಎರಡು ಚಮಚ ಮಾತ್ರ. ಬೆಳಿಗ್ಗೆ ಕಲಸಿದರೆ ಮಧ್ಯಾಹ್ನಕ್ಕೆ ತಾನಾಗಿ ಹದವಾದ ಮೊಸರನ್ನವಾಗಿರುತ್ತದೆ, ಹುಳಿಯಾಗುವುದಿಲ್ಲ. ಶುಂಠಿ, ಹಸಿಮೆಣಸು, ಇಂಗಿನ ಒಗ್ಗರಣೆ ಕೊಡಿ. ಉಪ್ಪನ್ನು ಸ್ವಲ್ಪ ಕಡಿಮೆಯೇ ಹಾಕಿ.

ನಿಮ್ಮ ಊರಿನ ಗುಡಿಯಲ್ಲೂ ಇಂಥ ಛಾವಣಿ ಇದ್ದೀತು. ಅಲ್ಲಿ ಯಾವ ಚಿತ್ರದ ಕೆಳಗೆ ನಿಮ್ಮ ಕಾಲು ನಿಂತಿತು, ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.